ಲಸಿಕೆ ಪಡೆದವರೇ ಆಸ್ಪತ್ರೆಯಲ್ಲಿ ಹೆಚ್ಚಿದ್ದರೆ ಲಸಿಕೆ ಸೋತಂತೆಯೇ?

ಕೊರೊನಾ ಪ್ರಕರಣ ಏರುತ್ತಿದೆ ಎಂಬ ಸುದ್ದಿ ಬಂದಾಗಲೆಲ್ಲ ಅದರ ಬೆನ್ನಿಗೇ ಒಂದು ಮಾತು ಹರಡುತ್ತದೆ: ‘ಈಗ ಆಸ್ಪತ್ರೆಗೆ ಸೇರುತ್ತಿರುವವರೆಲ್ಲ ಎರಡೂ ಡೋಸ್ ಹಾಕಿಸಿಕೊಂಡವರೇ ಅಂತೆ, ಮತ್ತೆ ಲಸಿಕೆ ಯಾಕೆ?’ 2022ರ ಜನವರಿಯಲ್ಲಿ ಓಮೈಕ್ರಾನ್ ಬಂದಾಗ ಈ ಮಾತಿತ್ತು. 2025ರ ಮೇ ತಿಂಗಳಲ್ಲಿ ಪ್ರಕರಣಗಳು ಮತ್ತೆ ಕಾಣಿಸಿಕೊಂಡಾಗಲೂ ಇತ್ತು. ಅದಾಗಿ ಕೆಲವೇ ವಾರಗಳಲ್ಲಿ ಹಾಸನದ ಹೃದಯಾಘಾತಗಳು ಸುದ್ದಿಯಾದವು. ಲಸಿಕೆಯಿಂದ ಉಪಕಾರವಾಯಿತೋ ಅಪಕಾರವಾಯಿತೋ ಎಂಬ ಪ್ರಶ್ನೆಯನ್ನು ಮುಖ್ಯಮಂತ್ರಿಯವರೇ ಎತ್ತಿದರು.

ಆಸ್ಪತ್ರೆಯ ವಾರ್ಡಿನಲ್ಲಿ ಲಸಿಕೆ ಪಡೆದವರು ಇದ್ದರು ಎಂಬುದು ಸುಳ್ಳಲ್ಲ. ಕೆಲವು ಕಡೆ ಅವರೇ ಹೆಚ್ಚಿದ್ದರು. ಅದನ್ನು ಅಲ್ಲಗಳೆದು ಪ್ರಯೋಜನವಿಲ್ಲ. ಆ ಅಂಕಿಯಿಂದ ‘ಲಸಿಕೆ ಕೆಲಸ ಮಾಡಲಿಲ್ಲ’ ಎಂಬ ತೀರ್ಮಾನಕ್ಕೆ ಜಿಗಿಯುವಲ್ಲಿ ತಪ್ಪಿದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಂಥ ಜಿಲ್ಲೆಗಳಿಗೆ ಈ ತಪ್ಪು ದುಬಾರಿ. ಇಲ್ಲಿನ ಐಸಿಯು ಬೆಡ್‌ಗಳು ಸೀಮಿತ, ರೋಗ ಜೋರಾದರೆ ಎಲ್ಲರ ಕಣ್ಣು ಬೆಂಗಳೂರಿನ ಕಡೆಗೆ. ಬೆಂಗಳೂರೇ ತುಂಬಿಹೋದರೆ ಏನಾಗುತ್ತದೆ ಎಂಬುದನ್ನು 2021ರ ಏಪ್ರಿಲ್–ಮೇ ತಿಂಗಳಲ್ಲಿ ಈ ಮೂರೂ ಜಿಲ್ಲೆಗಳ ಜನ ನೋಡಿದ್ದಾರೆ.

ಯಾವ ನೂರರಲ್ಲಿ ಎಷ್ಟು?

ಶಿಡ್ಲಘಟ್ಟ ತಾಲ್ಲೂಕಿನ ಒಂದು ಹೋಬಳಿಯನ್ನು ಕಲ್ಪಿಸಿಕೊಳ್ಳಿ. ಅಲ್ಲಿ 60 ವರ್ಷ ದಾಟಿದವರು 1,000 ಮಂದಿ. ಅವರಲ್ಲಿ 900 ಮಂದಿ ಲಸಿಕೆ ಹಾಕಿಸಿಕೊಂಡಿದ್ದಾರೆ, 100 ಮಂದಿ ಇಲ್ಲ. ಸೋಂಕಿನ ಅಲೆ ಬಂದು ಹೋಗುವಷ್ಟರಲ್ಲಿ ಲಸಿಕೆ ಇಲ್ಲದವರಲ್ಲಿ ನೂರಕ್ಕೆ 10 ಮಂದಿ, ಲಸಿಕೆ ಪಡೆದವರಲ್ಲಿ ನೂರಕ್ಕೆ 2 ಮಂದಿ ಆಸ್ಪತ್ರೆಗೆ ಸೇರಬೇಕಾಯಿತು ಎಂದುಕೊಳ್ಳೋಣ. ಲಸಿಕೆ ಇಲ್ಲದ 100ರಲ್ಲಿ 10 ಮಂದಿ, ಲಸಿಕೆ ಪಡೆದ 900ರಲ್ಲಿ 18 ಮಂದಿ. ಒಟ್ಟು 28.

ವಾರ್ಡಿಗೆ ಹೋಗಿ ತಲೆ ಎಣಿಸಿದವರಿಗೆ ಕಾಣುವುದು: 28ರಲ್ಲಿ 18 ಮಂದಿ ಲಸಿಕೆ ಪಡೆದವರು, ಅಂದರೆ ಶೇ 64. ಸುದ್ದಿಯ ತಲೆಬರಹವಾಗುವುದು ಇದೇ. ಆದರೆ ಅದೇ ಹೋಬಳಿಯಲ್ಲಿ ಯಾರಿಗೂ ಲಸಿಕೆ ಆಗಿರದಿದ್ದರೆ 100 ಮಂದಿ ದಾಖಲಾಗುತ್ತಿದ್ದರು. ಬಾರದೆ ಹೋದ 72 ಮಂದಿ ಯಾವ ರಿಜಿಸ್ಟರಿನಲ್ಲೂ ಇಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಸಾವಿರಕ್ಕೆ ಸಾವಿರ ಮಂದಿಯೂ ಲಸಿಕೆ ಪಡೆದಿದ್ದರೆ ದಾಖಲಾಗುವವರು 20 ಮಂದಿ, ಅವರೆಲ್ಲರೂ ಲಸಿಕೆ ಪಡೆದವರೇ. ಲಸಿಕಾಕರಣ ಪೂರ್ಣವಾದಷ್ಟೂ ವಾರ್ಡಿನಲ್ಲಿ ಲಸಿಕೆ ಪಡೆದವರ ಪಾಲು ಹೆಚ್ಚುತ್ತದೆ, ದಾಖಲಾಗುವವರ ಒಟ್ಟು ಸಂಖ್ಯೆ ಕಡಿಮೆಯಾಗುತ್ತದೆ. ಎರಡೂ ಒಟ್ಟಿಗೇ ನಡೆಯುತ್ತವೆ.

ಇದು ಕಾಗದದ ಮೇಲಿನ ಲೆಕ್ಕವಷ್ಟೇ ಅಲ್ಲ. 2021ರ ಆಗಸ್ಟ್ ಮಧ್ಯದಲ್ಲಿ ಇಸ್ರೇಲ್‌ನಲ್ಲಿ ತೀವ್ರ ಅಸ್ವಸ್ಥರಾಗಿದ್ದ ರೋಗಿಗಳ ಅಂಕಿ ಜಗತ್ತಿನಾದ್ಯಂತ ಗೊಂದಲ ಎಬ್ಬಿಸಿತು. ಎಣಿಕೆಗೆ ಸಿಕ್ಕ 515 ಮಂದಿಯಲ್ಲಿ 301 ಮಂದಿ ಎರಡೂ ಡೋಸ್ ಪಡೆದವರು, 214 ಮಂದಿ ಒಂದೂ ಪಡೆಯದವರು. ಮೇಲ್ನೋಟಕ್ಕೆ ಲಸಿಕೆಗೆ ಬೆಲೆಯೇ ಇಲ್ಲ. ಜನಸಂಖ್ಯೆಯಿಂದ ಭಾಗಿಸಿದರೆ ಚಿತ್ರ ಬೇರೆ: ಒಂದು ಲಕ್ಷ ಲಸಿಕೆರಹಿತರಲ್ಲಿ 16.4 ಮಂದಿ, ಒಂದು ಲಕ್ಷ ಲಸಿಕೆ ಪಡೆದವರಲ್ಲಿ 5.3 ಮಂದಿ. ವಯಸ್ಸಿನ ಪ್ರಕಾರ ವಿಂಗಡಿಸಿದರೆ ಇನ್ನೂ ಸ್ಪಷ್ಟ. 50 ದಾಟಿದವರಲ್ಲಿ ಲಕ್ಷಕ್ಕೆ 91.9 ಎದುರು 13.6. ಅದಕ್ಕಿಂತ ಚಿಕ್ಕವರಲ್ಲಿ 3.9 ಎದುರು 0.3.

ವಯಸ್ಸಿನ ವಿಂಗಡಣೆ ಯಾಕೆ ಬೇಕು? ಅಲ್ಲಿ 50 ದಾಟಿದವರಲ್ಲಿ ಶೇ 90ರಷ್ಟು ಮಂದಿ ಲಸಿಕೆ ಪಡೆದಿದ್ದರು. ಲಸಿಕೆ ಪಡೆಯದವರಲ್ಲಿ ಬಹುಪಾಲು ಯುವಕರು. ವಯಸ್ಸಾದವರಿಗೆ ಲಸಿಕೆ ಇದ್ದರೂ ಅಪಾಯ ಯುವಕರಿಗಿಂತ ಹೆಚ್ಚೇ. ಹಾಗಾಗಿ ಎಲ್ಲರನ್ನೂ ಒಂದೇ ರಾಶಿಗೆ ಹಾಕಿದರೆ 70 ವರ್ಷದ ಲಸಿಕೆ ಪಡೆದ ಅಜ್ಜನನ್ನು 25 ವರ್ಷದ ಲಸಿಕೆ ಪಡೆಯದ ಮೊಮ್ಮಗನ ಜೊತೆ ಹೋಲಿಸಿದಂತಾಗುತ್ತದೆ. ಅಜ್ಜನನ್ನು ಅಜ್ಜನ ಜೊತೆಗೇ ಹೋಲಿಸಬೇಕು. ಹಾಗೆ ಹೋಲಿಸಿದಾಗ ಇಸ್ರೇಲ್‌ನ ಅಂಕಿಗಳಲ್ಲಿ ಎರಡೂ ವಯೋಮಾನದಲ್ಲಿ ರಕ್ಷಣೆ ಶೇ 85 ದಾಟುತ್ತದೆ. ಒಟ್ಟು ರಾಶಿಯಲ್ಲಿ ಅದೇ ರಕ್ಷಣೆ ಶೇ 67ರ ಆಸುಪಾಸಿಗೆ ಕುಸಿದಂತೆ ಕಾಣುತ್ತದೆ.

ಎರಡು ಅಲೆ, ಹೆಚ್ಚು ಕಡಿಮೆ ಒಂದೇ ಎತ್ತರ

ಕರ್ನಾಟಕದ ಅಂಕಿಗಳನ್ನೇ ನೋಡೋಣ. 2021ರ ಮೇ 5ರಂದು ರಾಜ್ಯದಲ್ಲಿ ವರದಿಯಾದ ಹೊಸ ಪ್ರಕರಣಗಳು 50,112. 2022ರ ಜನವರಿ 23ರಂದು 50,210. ಹೆಚ್ಚು ಕಡಿಮೆ ಒಂದೇ ಸಂಖ್ಯೆ. ಮೊದಲನೆಯ ದಿನ ವರದಿಯಾದ ಸಾವು 346, ಎರಡನೆಯ ದಿನ 19.

ಸೋಂಕು ಏರಿದ ಎರಡು ಮೂರು ವಾರದ ನಂತರ ಸಾವು ಏರುತ್ತದೆ. ಹಾಗಾಗಿ ಒಂದೇ ದಿನದ ಎರಡು ಅಂಕಿಯನ್ನು ಅಕ್ಕಪಕ್ಕ ಇಟ್ಟು ಭಾಗಿಸುವುದು ಪೂರ್ತಿ ನ್ಯಾಯವಲ್ಲ. ಆದರೆ ಎರಡೂ ಅಲೆಗಳನ್ನು ಪೂರ್ತಿಯಾಗಿ ನೋಡಿದರೂ ಅಂತರ ಮುಚ್ಚುವುದಿಲ್ಲ. 2021ರ ಮೇ ಕೊನೆಯ ಹೊತ್ತಿಗೆ ರಾಜ್ಯದಲ್ಲಿ ಒಂದೇ ದಿನ 600ಕ್ಕೂ ಹೆಚ್ಚು ಸಾವು ವರದಿಯಾದದ್ದುಂಟು, ಮೂರನೇ ಅಲೆಯಲ್ಲಿ ಅದರ ಹತ್ತಿರಕ್ಕೂ ಹೋಗಲಿಲ್ಲ.

ಈ ಎರಡು ದಿನಗಳ ನಡುವೆ ಏನು ಬದಲಾಗಿತ್ತು? ಮೂರು ಸಂಗತಿ. ಒಂದು, ಲಸಿಕೆ. 2021ರ ಮೇ ಆರಂಭದಲ್ಲಿ ದೇಶದ ಜನಸಂಖ್ಯೆಯಲ್ಲಿ ಎರಡೂ ಡೋಸ್ ಆದವರು ನೂರಕ್ಕೆ ಸುಮಾರು ಎರಡು ಮಂದಿ ಮಾತ್ರ. 45 ದಾಟಿದ ಎಲ್ಲರಿಗೂ ಲಸಿಕೆ ತೆರೆದದ್ದೇ ಏಪ್ರಿಲ್ 1ರಂದು, ಅಷ್ಟರಲ್ಲಿ ಅಲೆ ಏರಲು ಶುರುವಾಗಿತ್ತು. 2022ರ ಜನವರಿ ಹೊತ್ತಿಗೆ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಎರಡೂ ಡೋಸ್ ಆಗಿತ್ತು. ಎರಡು, ಡೆಲ್ಟಾ ಹೋಗಿ ಓಮೈಕ್ರಾನ್ ಬಂದಿತ್ತು. ಅದು ಶ್ವಾಸಕೋಶದ ಆಳಕ್ಕಿಂತ ಮೇಲಿನ ಉಸಿರಾಟದ ದಾರಿಯಲ್ಲೇ ಹೆಚ್ಚು ಬೆಳೆಯುವ ತಳಿ. ಮೂರು, ಎರಡನೇ ಅಲೆಯಲ್ಲಿ ಸೋಂಕು ತಗುಲಿ ಉಳಿದವರ ಮೈಯಲ್ಲಿ ಒಂದಿಷ್ಟು ಪ್ರತಿರೋಧ ಬಂದಿತ್ತು.

ಲಸಿಕೆಯನ್ನು ಸಾರಾಸಗಟಾಗಿ ತಳ್ಳಿಹಾಕುವವರು ಎರಡನೆಯದನ್ನೂ ಮೂರನೆಯದನ್ನೂ ಮಾತ್ರ ಹೇಳುತ್ತಾರೆ. ಸರ್ಕಾರಿ ಜಾಹೀರಾತುಗಳು ಮೊದಲನೆಯದನ್ನು ಮಾತ್ರ ಹೇಳಿದವು. ಮೂರೂ ನಿಜ. ಲಸಿಕೆಯ ಪಾಲು ಎಷ್ಟು ಎಂದು ಬಿಡಿಸಿ ನೋಡಲು ಓಮೈಕ್ರಾನ್ ಬಂದಾಗ ಲಸಿಕೆಯಿಲ್ಲದ ಹಿರಿಯರು ಹೆಚ್ಚಿದ್ದ ಊರನ್ನು ನೋಡಬೇಕು. ಅಂಥ ಊರು ಹಾಂಗ್‌ಕಾಂಗ್. ಅಲ್ಲಿ ಅದಕ್ಕೆ ಮುಂಚೆ ಸೋಂಕು ಹರಡಿದ್ದೇ ಕಡಿಮೆ, 80 ದಾಟಿದವರಲ್ಲಿ ಬಹಳ ಮಂದಿ ಲಸಿಕೆ ಹಾಕಿಸಿಕೊಂಡಿರಲಿಲ್ಲ. 2022ರ ಫೆಬ್ರುವರಿ–ಮಾರ್ಚ್‌ನಲ್ಲಿ ಅದೇ ‘ಸೌಮ್ಯ’ ಓಮೈಕ್ರಾನ್ ಅಲ್ಲಿನ ಆಸ್ಪತ್ರೆಗಳ ಅಂಗಳದಲ್ಲಿ ಮಂಚ ಹಾಕಿಸಿತು. ಸತ್ತವರಲ್ಲಿ ಹೆಚ್ಚಿನವರು ವಯಸ್ಸಾದ, ಪೂರ್ತಿ ಲಸಿಕೆ ಆಗದ ಜನ. ಲಸಿಕೆಯೂ ಇಲ್ಲದ, ಹಿಂದೆ ಸೋಂಕೂ ತಗುಲದ ಹಿರಿಯರ ಮೈಗೆ ಓಮೈಕ್ರಾನ್ ಸೌಮ್ಯವಾಗಿರಲಿಲ್ಲ.

ಮೂಗಿಗೂ ಶ್ವಾಸಕೋಶಕ್ಕೂ ವ್ಯತ್ಯಾಸ

‘ಲಸಿಕೆ ಹಾಕಿಸಿಕೊಂಡರೂ ಕೊರೊನಾ ಬಂತಲ್ಲ’ ಎಂಬ ದೂರು ನ್ಯಾಯವಾದದ್ದೇ. ತೋಳಿಗೆ ಕೊಡುವ ಲಸಿಕೆ ರಕ್ತದಲ್ಲಿ ಪ್ರತಿಕಾಯ, ಅಂದರೆ ವೈರಸ್ಸಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನ್, ತುಂಬಿಸುತ್ತದೆ. ಮೂಗು ಗಂಟಲಿನ ಒಳಪದರಕ್ಕೆ ಅದು ಸೋರಿ ಬರುವುದು ಸ್ವಲ್ಪ, ಅದೂ ಕೆಲವು ತಿಂಗಳಲ್ಲಿ ಇಳಿದುಹೋಗುತ್ತದೆ. ವೈರಸ್ ಮೊದಲು ಇಳಿಯುವುದು ಅಲ್ಲೇ. ಆದ್ದರಿಂದ ಶೀತ, ಜ್ವರ, ಕೆಮ್ಮು ಬರುವುದನ್ನು ತಡೆಯುವ ಶಕ್ತಿ ಬೇಗ ಕುಂದುತ್ತದೆ. ಓಮೈಕ್ರಾನ್‌ನಂತೆ ವೈರಸ್ಸಿನ ಮೈಮೇಲಿನ ಮುಳ್ಳಿನ ಪ್ರೋಟೀನ್ ಬಹಳ ಬದಲಾದ ತಳಿ ಬಂದರೆ ಇನ್ನೂ ಬೇಗ.

ಶ್ವಾಸಕೋಶದ ಕಥೆ ಬೇರೆ. ಮೂಗಿಗೆ ಬಂದ ಸೋಂಕು ಶ್ವಾಸಕೋಶಕ್ಕೆ ಇಳಿದು ಉಸಿರಾಟಕ್ಕೆ ತೊಂದರೆ ಕೊಡಲು ಸಾಮಾನ್ಯವಾಗಿ ಐದರಿಂದ ಹತ್ತು ದಿನ ಹಿಡಿಯುತ್ತದೆ. ಲಸಿಕೆಯಿಂದ ಉಳಿಯುವ ನೆನಪಿನ ಕೋಶಗಳು ಎಚ್ಚೆತ್ತು ಮತ್ತೆ ಪ್ರತಿಕಾಯ ತಯಾರಿಸಲು, ಸೋಂಕು ತಗುಲಿದ ಕೋಶಗಳನ್ನು ಟಿ ಕೋಶಗಳು ಹುಡುಕಿ ಕೊಲ್ಲಲು ಬೇಕಾಗುವುದು ಮೂರ್ನಾಲ್ಕು ದಿನ. ಅಂದರೆ ಮೂಗಿನ ಓಟದಲ್ಲಿ ವೈರಸ್ ಮುಂದೆ, ಶ್ವಾಸಕೋಶದ ಓಟದಲ್ಲಿ ದೇಹ ಮುಂದೆ. ಟಿ ಕೋಶಗಳು ವೈರಸ್ಸಿನ ಅನೇಕ ತುಣುಕುಗಳನ್ನು ಗುರುತಿಸುತ್ತವೆ. ತಳಿ ಬದಲಾದರೂ ಅವು ಪೂರ್ತಿ ಕುರುಡಾಗುವುದಿಲ್ಲ. ಹಾಗಾಗಿಯೇ ಸೋಂಕಿನ ವಿರುದ್ಧ ರಕ್ಷಣೆ ಬೇಗ ಇಳಿದರೂ ಆಸ್ಪತ್ರೆ ದಾಖಲಾತಿಯ ವಿರುದ್ಧ ರಕ್ಷಣೆ ನಿಧಾನವಾಗಿ ಇಳಿಯುತ್ತದೆ.

ನಮ್ಮ ಪಕ್ಕದ ವೆಲ್ಲೂರಿನ ಸಿಎಂಸಿ ಆಸ್ಪತ್ರೆ ತನ್ನ ಸಿಬ್ಬಂದಿಯ ಮೇಲೆ 2021ರ ಎರಡನೇ ಅಲೆಯಲ್ಲಿ ನಡೆಸಿದ ಅಧ್ಯಯನ ಈ ವ್ಯತ್ಯಾಸವನ್ನು ಚೆನ್ನಾಗಿ ತೋರಿಸುತ್ತದೆ. ಸುಮಾರು 10,600 ನೌಕರರಲ್ಲಿ 8,991 ಮಂದಿ ಲಸಿಕೆ ಪಡೆದಿದ್ದರು, ಬಹುಪಾಲು ಕೋವಿಶೀಲ್ಡ್. ಎರಡು ಡೋಸ್‌ಗಳಿಂದ ಸಿಕ್ಕ ರಕ್ಷಣೆ: ಸೋಂಕಿನ ವಿರುದ್ಧ ಶೇ 65, ಆಸ್ಪತ್ರೆಗೆ ದಾಖಲಾಗುವುದರ ವಿರುದ್ಧ ಶೇ 77, ಆಕ್ಸಿಜನ್ ಅಗತ್ಯದ ವಿರುದ್ಧ ಶೇ 92, ಐಸಿಯು ವಿರುದ್ಧ ಶೇ 94. ರೋಗ ತೀವ್ರವಾದಷ್ಟೂ ಲಸಿಕೆಯ ಹಿಡಿತ ಬಿಗಿಯಾಗಿದೆ. ತಮಿಳುನಾಡು ಪೊಲೀಸ್ ಸಿಬ್ಬಂದಿಯ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ವಿಜ್ಞಾನಿಗಳು ಮಾಡಿದ ಲೆಕ್ಕದಲ್ಲೂ ಇದೇ ಜಾಡು: ಒಂದು ಡೋಸ್ ಸಾವನ್ನು ಶೇ 82ರಷ್ಟು, ಎರಡು ಡೋಸ್ ಶೇ 95ರಷ್ಟು ತಡೆದಿತ್ತು.

ಒಂದು ಎಚ್ಚರಿಕೆ. ಇವರೆಲ್ಲ ದುಡಿಯುವ ವಯಸ್ಸಿನವರು, ಲಸಿಕೆ ಪಡೆದು ಕೆಲವೇ ತಿಂಗಳಾಗಿದ್ದವರು. 75 ವರ್ಷದ, ಶುಗರ್ ಇರುವ, ಡಯಾಲಿಸಿಸ್ ಮಾಡಿಸಿಕೊಳ್ಳುವ ರೋಗಿಗೆ ಇಷ್ಟೇ ರಕ್ಷಣೆ ಎಂದು ಓದಿಕೊಳ್ಳಬಾರದು. ಅವರ ದೇಹ ಲಸಿಕೆಗೆ ಕೊಡುವ ಪ್ರತಿಕ್ರಿಯೆಯೇ ಕಡಿಮೆ, ಇಳಿಯುವುದೂ ಬೇಗ. ಬೂಸ್ಟರ್, ಅಂದರೆ ಹೆಚ್ಚುವರಿ ಡೋಸ್, ಮೊದಲು ಬೇಕಾಗುವುದು ಅವರಿಗೇ.

ಬೆಡ್ಡಿನ ಲೆಕ್ಕ, ಸಿಲಿಂಡರಿನ ಲೆಕ್ಕ

ಶೇಕಡಾವಾರು ಅಂಕಿ ಕೇಳಿದಾಗ ಅದರ ತೂಕ ಗೊತ್ತಾಗುವುದಿಲ್ಲ. ಅದನ್ನು ಬೆಡ್ಡಿಗೆ ಇಳಿಸಿ ನೋಡಬೇಕು.

ಒಂದು ಜಿಲ್ಲೆಯಲ್ಲಿ ಸರ್ಕಾರಿ, ಖಾಸಗಿ ಸೇರಿ 200 ಆಕ್ಸಿಜನ್ ಬೆಡ್ ಇವೆ ಎಂದುಕೊಳ್ಳೋಣ. ಒಬ್ಬ ರೋಗಿ ಸರಾಸರಿ 8 ದಿನ ಇರುತ್ತಾನೆ. 200ನ್ನು 8ರಿಂದ ಭಾಗಿಸಿದರೆ 25. ದಿನಕ್ಕೆ 25 ಹೊಸ ರೋಗಿಗಳವರೆಗೆ ಆ ಜಿಲ್ಲೆ ಉಸಿರಾಡುತ್ತದೆ. ದಿನಕ್ಕೆ 40 ಮಂದಿ ಬಂದರೆ ಐದನೇ ದಿನಕ್ಕೇ ಬೆಡ್ ಮುಗಿಯಿತು. ಆ ವೇಗಕ್ಕೆ ಬೇಕಾದ್ದು 320 ಬೆಡ್. ಉಳಿದ 120 ಮಂದಿ ಆಂಬುಲೆನ್ಸ್‌ನಲ್ಲಿ, ಆಸ್ಪತ್ರೆಯ ಕಾರಿಡಾರಿನಲ್ಲಿ, ಇಲ್ಲವೇ ಬೆಂಗಳೂರಿನ ಹೆದ್ದಾರಿಯಲ್ಲಿ ಇರುತ್ತಾರೆ.

ಇದೇ ಜಿಲ್ಲೆಯಲ್ಲಿ ಅಪಾಯದ ವಯಸ್ಸಿನವರಲ್ಲಿ ಶೇ 70 ಮಂದಿಗೆ ಲಸಿಕೆ ಆಗಿದೆ, ದಾಖಲಾತಿಯ ವಿರುದ್ಧ ಅದರ ರಕ್ಷಣೆ ವೆಲ್ಲೂರಿನಂತೆ ಶೇ 77 ಎಂದು ಹಿಡಿಯಿರಿ. ದಿನಕ್ಕೆ 40ರ ಬದಲು ಸುಮಾರು 18 ಮಂದಿ ಬರುತ್ತಾರೆ. ಬೇಕಾದ ಬೆಡ್ 150ರೊಳಗೆ. ಲಸಿಕೆ ದಾಖಲಾತಿಯನ್ನು ಅರ್ಧಕ್ಕೆ ಇಳಿಸಿತು ಎಂದರೆ ಸಾಧಾರಣವಾಗಿ ಕೇಳಿಸುತ್ತದೆ. ಆದರೆ ಆ ಅರ್ಧವೇ ಬೆಡ್ ಸಿಗುವುದಕ್ಕೂ ಸಿಗದಿರುವುದಕ್ಕೂ ನಡುವಿನ ಗೆರೆ. ಗೆರೆ ದಾಟಿದ ಮೇಲೆ ಸಾಯುವವರು ಕೊರೊನಾ ರೋಗಿಗಳು ಮಾತ್ರವಲ್ಲ. ಹಾವು ಕಡಿದವರು, ಹೆರಿಗೆಯಲ್ಲಿ ರಕ್ತಸ್ರಾವವಾದವರು, ಎದೆನೋವೆಂದು ಬಂದವರು ಅದೇ ಬೆಡ್‌ಗೆ, ಅದೇ ವೈದ್ಯರಿಗೆ ಕಾಯಬೇಕಾಗುತ್ತದೆ. ಪಾವಗಡದಿಂದ ತುಮಕೂರಿಗೆ, ಬಾಗೇಪಲ್ಲಿಯಿಂದ ಬೆಂಗಳೂರಿಗೆ ಹತ್ತಿರ ಹತ್ತಿರ ನೂರು ಕಿಲೊಮೀಟರ್. ಅಷ್ಟು ದೂರ ಬಂದು ಬೆಡ್ ಇಲ್ಲ ಎನಿಸಿಕೊಂಡವರಿಗೆ ಹಿಂತಿರುಗುವ ಹೊತ್ತು ಉಳಿದಿರುವುದಿಲ್ಲ.

ಈಗ ಆಕ್ಸಿಜನ್. ಆಸ್ಪತ್ರೆಗಳಲ್ಲಿ ಕಾಣುವ ಜಂಬೊ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಅನಿಲ ಇರುತ್ತದೆ. ಮಾಸ್ಕ್ ಹಾಕಿಸಿಕೊಂಡು ನಿಮಿಷಕ್ಕೆ 10 ಲೀಟರ್ ಎಳೆಯುವ ರೋಗಿಗೆ ಅದು ಹನ್ನೊಂದೂವರೆ ಗಂಟೆ ಬರುತ್ತದೆ. ನಿಮಿಷಕ್ಕೆ 15 ಲೀಟರ್ ಬೇಕಾದವರಿಗೆ ಎಂಟು ಗಂಟೆಯೂ ಇಲ್ಲ. ಹೈ ಫ್ಲೋ ಯಂತ್ರಕ್ಕೆ ಹಾಕಿ ನಿಮಿಷಕ್ಕೆ 60 ಲೀಟರ್ ಶುದ್ಧ ಆಕ್ಸಿಜನ್ ಕೊಟ್ಟರೆ ಎರಡು ಗಂಟೆಯೊಳಗೆ ಖಾಲಿ. ನಿಮಿಷಕ್ಕೆ 10 ಲೀಟರಿನ ನೂರು ರೋಗಿಗಳಿದ್ದರೆ ದಿನಕ್ಕೆ 14.4 ಲಕ್ಷ ಲೀಟರ್, ಅಂದರೆ ಇನ್ನೂರಕ್ಕೂ ಹೆಚ್ಚು ಜಂಬೊ ಸಿಲಿಂಡರ್. ಅಷ್ಟನ್ನು ತುಂಬಿಸಿ, ಲಾರಿಯಲ್ಲಿ ತಂದು, ಇಳಿಸಿ, ವಾರ್ಡಿನ ಪೈಪುಗಳಿಗೆ ಅನಿಲ ಹರಿಸುವ ಮ್ಯಾನಿಫೋಲ್ಡ್‌ಗೆ ಜೋಡಿಸಬೇಕು. ಒಂದು ಲಾರಿ ನಾಲ್ಕು ಗಂಟೆ ತಡವಾದರೆ ಪೈಪಿನಲ್ಲಿ ಒತ್ತಡ ಇಳಿಯುತ್ತದೆ. 2021ರ ನಂತರ ಜಿಲ್ಲಾ ಆಸ್ಪತ್ರೆಗಳಲ್ಲಿ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸುವ ಘಟಕಗಳು ಬಂದಿವೆ. ನಿಮಿಷಕ್ಕೆ 1,000 ಲೀಟರಿನ ಘಟಕವೂ ಇಂಥ ನೂರು ರೋಗಿಗಳಿಗೆ ಮಾತ್ರ ಸಾಕು. ಕರೆಂಟ್ ಹೋಗಿ ಜನರೇಟರ್ ಹಿಡಿಯದಿದ್ದರೆ ಅದೂ ನಿಲ್ಲುತ್ತದೆ.

ಆಕ್ಸಿಜನ್ ಅಗತ್ಯವನ್ನು ಶೇ 92ರಷ್ಟು ತಗ್ಗಿಸುವುದು ಎಂದರೆ ಇನ್ನೂರು ಸಿಲಿಂಡರಿನ ಜಾಗದಲ್ಲಿ ಹದಿನಾರು ಹದಿನೇಳು. ಹಿರಿಯರಲ್ಲಿ ಇದರ ಅರ್ಧದಷ್ಟು ಪರಿಣಾಮ ಸಿಕ್ಕರೂ ಆ ಲಾರಿಗಾಗಿ ಕಾಯುವ ರಾತ್ರಿಗಳು ತಪ್ಪುತ್ತವೆ.

ಸೌಮ್ಯ ತಳಿಯೆಂದು ನೆಮ್ಮದಿಯಾಗಿರಲೂ ಆಗದು. ಹತ್ತು ಸಾವಿರ ಮಂದಿಗೆ ಸೋಂಕು ತಗುಲಿ ಶೇ 1 ದಾಖಲಾದರೆ 100. ಐವತ್ತು ಸಾವಿರಕ್ಕೆ ತಗುಲಿ ಶೇ 0.3 ದಾಖಲಾದರೆ 150. ಬೆಡ್‌ಗೆ ಬೇಕಿರುವುದು ಶೇಕಡಾವಾರು ಅಲ್ಲ, ತಲೆ ಲೆಕ್ಕ.

ಶೀಷೆಯಲ್ಲಿರುವ ಲಸಿಕೆ ತೋಳಿಗೆ ತಲುಪದಿದ್ದಾಗ

ಲಸಿಕೆ ಚೆನ್ನಾಗಿದ್ದೂ ದಾಖಲಾತಿ ಇಳಿಯದಿರಲು ಕಾರಣಗಳು ಹೆಚ್ಚಾಗಿ ಪ್ರಯೋಗಾಲಯದಲ್ಲಿರುವುದಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಊರಿನ ಓಣಿಯಲ್ಲೂ ಇರುತ್ತವೆ.

ಕೋವಿಶೀಲ್ಡ್ ಶೀಷೆಯಲ್ಲಿ 10 ಡೋಸ್, ಒಂದೊಂದು ಅರ್ಧ ಎಂ.ಎಲ್. 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕಿತ್ತು. ಹೆಪ್ಪುಗಟ್ಟಿದರೆ ಎಸೆಯಬೇಕಿತ್ತು. ಶೀಷೆ ತೆರೆದ ಹೊತ್ತನ್ನು ಲೇಬಲ್ ಮೇಲೆ ಬರೆದು ನಾಲ್ಕು ಗಂಟೆಯೊಳಗೆ ಮುಗಿಸಬೇಕು ಎಂಬುದು ಅಭಿಯಾನದ ನಿಯಮವಾಗಿತ್ತು. ದೊಡ್ಡ ಊರಿನ ಶಿಬಿರಕ್ಕೆ ಇದು ತೊಂದರೆಯಲ್ಲ. ಗುಡಿಬಂಡೆ ಕಡೆಯ ಸಣ್ಣ ಹಳ್ಳಿಯಲ್ಲಿ ನಾಲ್ವರು ಅಜ್ಜಿಯರು ಬಂದರೆ ಲಸಿಕೆ ಕೊಡುವ ಆರೋಗ್ಯ ಸಹಾಯಕಿಯಾದ ಎಎನ್‌ಎಂ ಏನು ಮಾಡಬೇಕು? ಶೀಷೆ ತೆರೆದರೆ ಆರು ಡೋಸ್ ವ್ಯರ್ಥ, ಮೇಲಿನವರಿಗೆ ಉತ್ತರ ಕೊಡಬೇಕು. ತೆರೆಯದಿದ್ದರೆ ನಾಲ್ವರೂ ವಾಪಸ್ಸು, ಮುಂದಿನ ವಾರ ಬರುತ್ತಾರೆಂಬ ಖಾತರಿ ಇಲ್ಲ. ದಾಖಲಾತಿಯ ದೃಷ್ಟಿಯಿಂದ ಉತ್ತರ ಸ್ಪಷ್ಟ: ತೆರೆಯಬೇಕು. ಒಂದು ಆಕ್ಸಿಜನ್ ಬೆಡ್‌ನ ಒಂದು ದಿನದ ಖರ್ಚಿನ ಮುಂದೆ ಆರು ಡೋಸ್‌ನ ಬೆಲೆ ಏನೂ ಅಲ್ಲ. ಹಾಳಾದ ಡೋಸ್‌ಗಳ ಎಣಿಕೆಯನ್ನೇ ಸಾಧನೆಯ ಅಳತೆ ಮಾಡಿದ್ದು ತಪ್ಪು ಜಾಗದಲ್ಲಿ ಮಿತವ್ಯಯ.

ಎರಡನೇ ಡೋಸ್ ಇನ್ನೊಂದು ತೊಡಕು. ಕೋವಿಶೀಲ್ಡ್‌ನ ಅಂತರ ಮೊದಲು 4ರಿಂದ 6 ವಾರ ಇತ್ತು, 2021ರ ಮಾರ್ಚ್‌ನಲ್ಲಿ 6ರಿಂದ 8 ಆಯಿತು, ಮೇ 13ರಂದು 12ರಿಂದ 16 ವಾರಕ್ಕೆ ಹೋಯಿತು. ಅಂತರ ಹೆಚ್ಚಿಸಿದರೆ ಇರುವ ಲಸಿಕೆಯಲ್ಲಿ ಹೆಚ್ಚು ಜನರಿಗೆ ಮೊದಲ ಡೋಸ್ ಸಿಗುತ್ತದೆ, ಪ್ರತಿಕಾಯವೂ ಚೆನ್ನಾಗಿ ಬೆಳೆಯುತ್ತದೆ ಎಂಬುದು ಒಂದು ವಾದ. ಡೆಲ್ಟಾ ತಳಿಯ ಎದುರು ಒಂದೇ ಡೋಸ್ ಸಾಲದು ಎಂಬುದು ಇನ್ನೊಂದು. ಬ್ರಿಟನ್ನಿನ ಅಂಕಿಗಳು ಇಬ್ಬರಿಗೂ ಸ್ವಲ್ಪ ಸ್ವಲ್ಪ ಸರಿ ಎನ್ನುತ್ತವೆ. ಅಸ್ಟ್ರಾಜೆನೆಕಾದ (ನಮ್ಮಲ್ಲಿ ಕೋವಿಶೀಲ್ಡ್ ಎಂದು ಬಂದ ಲಸಿಕೆ) ಒಂದು ಡೋಸ್ ಡೆಲ್ಟಾದ ರೋಗಲಕ್ಷಣಗಳನ್ನು ತಡೆದದ್ದು ಶೇ 30ರಷ್ಟು ಮಾತ್ರ, ದಾಖಲಾತಿಯನ್ನು ತಡೆದದ್ದು ಶೇ 71ರಷ್ಟು. ಎರಡು ಡೋಸ್ ದಾಖಲಾತಿಯನ್ನು ಶೇ 92ರಷ್ಟು ತಡೆಯಿತು. ಲಸಿಕೆ ಕೊರತೆಯಿದ್ದಾಗ ಅಂತರ ಹೆಚ್ಚಿಸುವುದು ಒಪ್ಪುವ ಮಾತೇ. ಆದರೆ 84 ದಿನ, ಅಂದರೆ 12 ವಾರ, ಕಳೆದ ಮೇಲೆ ಎರಡನೇ ಡೋಸ್ ನೆನಪಿಸುವ ವ್ಯವಸ್ಥೆ ಗಟ್ಟಿಯಿರಬೇಕಿತ್ತು. ಲಸಿಕೆ ನೋಂದಣಿಯ ಸರ್ಕಾರಿ ತಾಣ ಕೋವಿನ್‌ನಲ್ಲಿ ಒಂದು ಮೊಬೈಲ್ ನಂಬರಿಗೆ ನಾಲ್ವರನ್ನು ನೋಂದಾಯಿಸಬಹುದಿತ್ತು, ಆಮೇಲೆ ಆರು ಮಂದಿಗೆ ಏರಿಸಿದರು. ಮನೆಯ ಹಿರಿಯರ ಎಸ್ಸೆಮ್ಮೆಸ್ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನ ಫೋನಿಗೋ, ನೋಂದಣಿ ಮಾಡಿಕೊಟ್ಟ ಪಕ್ಕದ ಮನೆಯ ಹುಡುಗನ ಫೋನಿಗೋ ಹೋದರೆ ಊರಿನಲ್ಲಿರುವ ಹಿರಿಯರಿಗೆ ದಿನಾಂಕ ತಿಳಿಯುವುದು ಹೇಗೆ? ಕೊನೆಗೆ ಕೈ ಹಿಡಿದದ್ದು ಆಶಾ ಕಾರ್ಯಕರ್ತೆಯರ ಕೈಬರಹದ ಪಟ್ಟಿ ಮತ್ತು 2021ರ ನವೆಂಬರ್‌ನಿಂದ ನಡೆದ ಮನೆಮನೆ ಲಸಿಕಾ ಅಭಿಯಾನ.

ಯಾರಿಗೆ ಮೊದಲು ಎಂಬುದೂ ದಾಖಲಾತಿಯನ್ನೇ ನಿರ್ಧರಿಸುತ್ತದೆ. ಆಸ್ಪತ್ರೆ ಸೇರುವ ಅಪಾಯ ಹಿರಿಯರಲ್ಲಿ ನೂರಕ್ಕೆ 10, ಯುವಕರಲ್ಲಿ ಐನೂರಕ್ಕೆ 1 ಎಂದುಕೊಂಡರೆ, ಶೇ 80 ರಕ್ಷಣೆಯ ಲಸಿಕೆಯನ್ನು ನೂರು ಹಿರಿಯರಿಗೆ ಕೊಟ್ಟಾಗ 8 ದಾಖಲಾತಿ ತಪ್ಪುತ್ತವೆ. ಅಷ್ಟೇ ದಾಖಲಾತಿ ತಪ್ಪಿಸಲು ಐದು ಸಾವಿರ ಯುವಕರಿಗೆ ಕೊಡಬೇಕು. ಹಾಸಿಗೆ ಹಿಡಿದ ಒಬ್ಬರ ಮನೆಗೆ ಹೋಗಿ ಲಸಿಕೆ ಕೊಟ್ಟು, ಅರ್ಧ ಗಂಟೆ ಕಾದು ಬರುವುದು ಆ ದಿನದ ಟಾರ್ಗೆಟ್ ಲೆಕ್ಕದಲ್ಲಿ ನಷ್ಟ, ಬೆಡ್ಡಿನ ಲೆಕ್ಕದಲ್ಲಿ ಭಾರಿ ಲಾಭ. ನಮ್ಮ ಜಿಲ್ಲೆಗಳಲ್ಲಿ ಈ ಪಟ್ಟಿಗೆ ಇನ್ನೂ ಕೆಲವರು ಸೇರಬೇಕು: ಕೆಜಿಎಫ್ ಗಣಿಯಲ್ಲಿ ದುಡಿದು ಸಿಲಿಕೋಸಿಸ್ (ಕಲ್ಲಿನ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ) ಅಂಟಿದ ಹಿರಿಯರು, ಕಲ್ಲು ಕ್ರಷರ್‌ಗಳ ದೂಳು ಕುಡಿದವರು, ರೇಷ್ಮೆ ನೂಲು ಬಿಚ್ಚಾಣಿಕೆಯ ಹಬೆ ಹೊಗೆಯಲ್ಲಿ ವರ್ಷಗಟ್ಟಲೆ ಕೂತವರು, ಟಿಬಿ ವಾಸಿಯಾಗಿ ಶ್ವಾಸಕೋಶದಲ್ಲಿ ಕಲೆ ಉಳಿದವರು. ವಯಸ್ಸು 50 ಆಗಿದ್ದರೂ ಇವರ ಶ್ವಾಸಕೋಶಕ್ಕೆ 70 ಆಗಿರುತ್ತದೆ.

ಲಸಿಕೆ ಪಡೆದವರೂ ಎಡವುವುದುಂಟು. ‘ಎರಡು ಡೋಸ್ ಆಗಿದೆ, ಏನೂ ಆಗಲ್ಲ’ ಎಂದು ಉಸಿರು ಕಟ್ಟುವವರೆಗೆ ಮನೆಯಲ್ಲೇ ಕೂತು ತಡವಾಗಿ ಬರುವುದು. ಪಲ್ಸ್ ಆಕ್ಸಿಮೀಟರನ್ನು ಐದು ನಿಮಿಷ ಕೂತು ಸುಧಾರಿಸಿಕೊಂಡ ಮೇಲೆ, ಬೆಚ್ಚಗಿರುವ, ಬಣ್ಣವಿಲ್ಲದ ಬೆರಳಿಗೆ ಹಾಕಿ ಅಂಕಿ ನಿಲ್ಲುವವರೆಗೆ ಕಾಯಬೇಕು. 94ಕ್ಕಿಂತ ಕಡಿಮೆ ಬಂದರೆ ವೈದ್ಯರ ಬಳಿ ಹೋಗಬೇಕು, 90ಕ್ಕಿಂತ ಕಡಿಮೆಯಾದರೆ ಒಂದು ಗಂಟೆಯೂ ಕಾಯಬಾರದು. ಕೂತಾಗ ಸರಿಯಿದ್ದು ಆರು ನಿಮಿಷ ನಡೆದ ಮೇಲೆ ಮೂರು ಅಂಕಿಗಿಂತ ಹೆಚ್ಚು ಇಳಿದರೂ ಅದು ಎಚ್ಚರಿಕೆಯೇ.

ಹಾಸನದ ಪ್ರಶ್ನೆ

2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯಲ್ಲಿ ಕಿರಿಯ ವಯಸ್ಸಿನವರೂ ಸೇರಿ ಹಲವರು ಹೃದಯಾಘಾತದಿಂದ ತೀರಿಕೊಂಡರು. ಲಸಿಕೆಗೆ ತರಾತುರಿಯಲ್ಲಿ ಒಪ್ಪಿಗೆ ಕೊಟ್ಟದ್ದೂ ಕಾರಣವಿರಬಹುದು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಜುಲೈ 1ರಂದು ಹೇಳಿದರು. ಕೇಂದ್ರ ಆರೋಗ್ಯ ಸಚಿವಾಲಯ ಮರುದಿನವೇ ಅಲ್ಲಗಳೆಯಿತು. ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ರಾಜ್ಯ ಸರ್ಕಾರದ್ದೇ ಸಮಿತಿ ಲಸಿಕೆಗೂ ಕಿರಿಯ ವಯಸ್ಸಿನಲ್ಲೇ ಬರುವ ಹೃದ್ರೋಗಕ್ಕೂ ನಂಟು ಕಾಣಲಿಲ್ಲ.

ಜನರ ಆತಂಕವನ್ನು ಅಜ್ಞಾನ ಎಂದು ತಳ್ಳುವುದು ತಪ್ಪು. ಕೋವಿಶೀಲ್ಡ್ ಮಾದರಿಯ ಲಸಿಕೆಯಿಂದ ಅತಿ ವಿರಳವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆ ಆಗುತ್ತದೆ ಎಂಬುದು ಸಾಬೀತಾದ ಸಂಗತಿ. ಲಸಿಕೆಯ ಅಡ್ಡಪರಿಣಾಮ ಪರಿಶೀಲಿಸುವ ಭಾರತದ ಸಮಿತಿ 2021ರ ಮೇ ತಿಂಗಳಲ್ಲಿ ಕೊಟ್ಟ ಅಂಕಿ ಹತ್ತು ಲಕ್ಷ ಡೋಸ್‌ಗೆ 0.61 ಪ್ರಕರಣ. ಯುರೋಪಿನ ದೇಶಗಳಲ್ಲಿ ಇದಕ್ಕಿಂತ ಹೆಚ್ಚು ಕಂಡಿತು. ಆದರೆ ಅದು ಕಾಣಿಸಿಕೊಳ್ಳುವುದು ಚುಚ್ಚುಮದ್ದಿನ ನಂತರದ ಕೆಲವು ವಾರಗಳಲ್ಲಿ, ಮೂರ್ನಾಲ್ಕು ವರ್ಷಗಳ ನಂತರವಲ್ಲ.

ಐಸಿಎಂಆರ್ 47 ಆಸ್ಪತ್ರೆಗಳಲ್ಲಿ 18ರಿಂದ 45 ವರ್ಷದವರ ಹಠಾತ್ ಸಾವುಗಳನ್ನು ಪರಿಶೀಲಿಸಿತು. 729 ಸಾವುಗಳನ್ನು ಅದೇ ವಯಸ್ಸಿನ, ಅದೇ ಪ್ರದೇಶದ 2,916 ಮಂದಿಯೊಂದಿಗೆ ಹೋಲಿಸಿದಾಗ ಲಸಿಕೆಯಿಂದ ಅಪಾಯ ಹೆಚ್ಚಿರಲಿಲ್ಲ. ಎರಡು ಡೋಸ್ ಆದವರಲ್ಲಿ ಕಡಿಮೆಯೇ ಇತ್ತು. ಅಪಾಯ ಹೆಚ್ಚಿಸಿದ್ದು ಮನೆತನದಲ್ಲಿ ಹಠಾತ್ ಸಾವಿನ ಹಿನ್ನೆಲೆ, ಸಾವಿಗೆ ಮುಂಚಿನ ಎರಡು ದಿನಗಳಲ್ಲಿ ವಿಪರೀತ ಕುಡಿತ, ಅತಿಯಾದ ದೈಹಿಕ ಶ್ರಮ, ಮತ್ತು ಹಿಂದೆ ಕೊರೊನಾದಿಂದ ಆಸ್ಪತ್ರೆಗೆ ದಾಖಲಾಗಿದ್ದದ್ದು. ಈ ಕೊನೆಯದನ್ನು ಚರ್ಚೆಯಲ್ಲಿ ಬಹಳ ಮಂದಿ ಗಮನಿಸಲಿಲ್ಲ. ಆಸ್ಪತ್ರೆ ಸೇರುವಷ್ಟು ಜೋರಾದ ಕೊರೊನಾ ಬಿಡುಗಡೆಯ ಚೀಟಿಯೊಂದಿಗೆ ಮುಗಿಯುವುದಿಲ್ಲ. ದಾಖಲಾತಿಯನ್ನು ತಪ್ಪಿಸಿದ ಲಸಿಕೆ ನಂತರದ ವರ್ಷಗಳ ಅಪಾಯವನ್ನೂ ಒಂದಿಷ್ಟು ತಪ್ಪಿಸಿತು ಎಂದು ಅರ್ಥಮಾಡಿಕೊಳ್ಳಲು ಇಲ್ಲಿ ಆಧಾರವಿದೆ.

ಜಿಲ್ಲಾ ಬುಲೆಟಿನ್‌ನಲ್ಲಿ ಏನಿರಬೇಕು

ಮುಂದೆ ಯಾವುದೇ ಉಸಿರಾಟದ ವೈರಸ್ ಬಂದರೂ, ಅದು ಕೊರೊನಾ ಇರಲಿ, 2009ರ ಎಚ್‌1ಎನ್‌1ನಂಥ ಹೊಸ ಫ್ಲೂ ಇರಲಿ, ಜಿಲ್ಲಾಡಳಿತ ದಿನವೂ ಕೊಡುವ ಬುಲೆಟಿನ್‌ನಲ್ಲಿ ‘ದಾಖಲಾದವರು ಇಷ್ಟು, ಅವರಲ್ಲಿ ಲಸಿಕೆ ಪಡೆದವರು ಇಷ್ಟು’ ಎಂದಷ್ಟೇ ಇದ್ದರೆ ಗೊಂದಲ ಮತ್ತೆ ಹುಟ್ಟುತ್ತದೆ. ದಾಖಲಾದವರ ವಯಸ್ಸಿನ ಗುಂಪು ಬೇಕು. ಕೊನೆಯ ಡೋಸ್ ಆಗಿ ಎಷ್ಟು ತಿಂಗಳಾಯಿತು ಎಂಬುದು ಬೇಕು. ನಿನ್ನೆ ಮೊನ್ನೆ ಲಸಿಕೆ ಹಾಕಿಸಿಕೊಂಡವರನ್ನು ಪೂರ್ತಿ ಲಸಿಕೆಯಾದವರ ಸಾಲಿಗೆ ಸೇರಿಸಬಾರದು. ರಕ್ಷಣೆ ಕೂಡಿಕೊಳ್ಳಲು ಎರಡನೇ ಡೋಸ್ ನಂತರ ಎರಡು ವಾರ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆ ತಾಲ್ಲೂಕಿನ ಅದೇ ವಯಸ್ಸಿನವರಲ್ಲಿ ಲಸಿಕೆ ಆದವರೆಷ್ಟು, ಆಗದವರೆಷ್ಟು ಎಂಬ ಅಂಕಿ ಪಕ್ಕದಲ್ಲೇ ಇರಬೇಕು. ಅದಿಲ್ಲದೆ ಯಾವ ಹೋಲಿಕೆಯೂ ಸಾಧ್ಯವಿಲ್ಲ.

ದಾಖಲಾತಿಯ ಕಾರಣವನ್ನೂ ಬಿಡಿಸಿ ಹೇಳಬೇಕು. ಹೆರಿಗೆಗೆ ಬಂದ ಗರ್ಭಿಣಿಗೆ, ಕಾಲು ಮುರಿದು ಬಂದ ಯುವಕನಿಗೆ ಪರೀಕ್ಷೆಯಲ್ಲಿ ಪಾಸಿಟಿವ್ ಬಂದರೆ ಅವರೂ ಕೊರೊನಾ ದಾಖಲಾತಿಯ ಲೆಕ್ಕಕ್ಕೆ ಸೇರುತ್ತಾರೆ. ಓಮೈಕ್ರಾನ್ ಕಾಲದಲ್ಲಿ ಇಂಥವರು ಬಹಳ. ಲಸಿಕೆ ಕಾಲು ಮುರಿಯುವುದನ್ನು ತಡೆಯುವುದಿಲ್ಲವಾದ್ದರಿಂದ ಇವರನ್ನು ಸೇರಿಸಿದಷ್ಟೂ ಲಸಿಕೆ ದುರ್ಬಲವಾಗಿ ಕಾಣುತ್ತದೆ. ಆಕ್ಸಿಜನ್ ಬೇಕಾದವರು, ಐಸಿಯುನಲ್ಲಿರುವವರು ಎಂಬ ಎರಡು ಸಂಖ್ಯೆಯನ್ನು ಪ್ರತ್ಯೇಕವಾಗಿ ಕೊಟ್ಟರೆ ಈ ಕಲಬೆರಕೆ ಬಹುಮಟ್ಟಿಗೆ ತಪ್ಪುತ್ತದೆ.

ಉಳಿದದ್ದು ಕಾಲದ ಲೆಕ್ಕ. ಸೋಂಕು ತಗುಲಿ ಆಸ್ಪತ್ರೆ ಸೇರಲು ಹತ್ತು ಹನ್ನೆರಡು ದಿನ ಸಾಕು. ಎರಡು ಡೋಸ್‌ನ ಲಸಿಕೆ, ಅಂತರ ನಾಲ್ಕೇ ವಾರ ಇದ್ದರೂ, ಪೂರ್ತಿ ಫಲ ಕೊಡಲು ಆರು ವಾರ ಬೇಕು. ಪ್ರಕರಣ ಏರಿದ ಸುದ್ದಿ ಓದಿ ಲಸಿಕಾ ಕೇಂದ್ರದ ಮುಂದೆ ಸಾಲು ನಿಂತರೆ ಆ ಅಲೆಗೆ ಅದು ತಡ. ಈಗಾಗಲೇ ಎರಡು ಡೋಸ್ ಆದ ಹಿರಿಯರಿಗೆ ಬೂಸ್ಟರ್ ಒಂದೆರಡು ವಾರದಲ್ಲೇ ಫಲ ಕೊಡುವುದರಿಂದ ಅಲೆ ಶುರುವಾದ ಮೇಲೂ ಅದಕ್ಕೆ ಅರ್ಥವಿದೆ, ಅದೂ ಮೊದಲ ವಾರಗಳಲ್ಲಿ. ಫ್ಲೂ ಲಸಿಕೆಗೂ ಇದೇ ನಿಯಮ. ನಮ್ಮಲ್ಲಿ ಫ್ಲೂ ಮಳೆಗಾಲದಲ್ಲೊಮ್ಮೆ, ಜನವರಿಯಿಂದ ಮಾರ್ಚ್ ನಡುವೆ ಇನ್ನೊಮ್ಮೆ ಏರುತ್ತದೆ. 65 ದಾಟಿದವರು, ಶುಗರ್, ದಮ್ಮು, ಹೃದಯ ಅಥವಾ ಕಿಡ್ನಿ ಕಾಯಿಲೆ ಇರುವವರು ವೈದ್ಯರನ್ನು ಕೇಳಿ ಮಳೆಗಾಲಕ್ಕೆ ಮುಂಚೆಯೇ, ಮೇ ತಿಂಗಳ ಹೊತ್ತಿಗೆ, ಆ ವರ್ಷದ ಹೊಸ ಲಸಿಕೆ ಹಾಕಿಸಿಕೊಳ್ಳಬೇಕು. ಹಾಸಿಗೆ ಹಿಡಿದ ಹಿರಿಯರ, ಡಯಾಲಿಸಿಸ್ ರೋಗಿಗಳ, ಸಿಲಿಕೋಸಿಸ್ ಇರುವವರ ಊರುವಾರು ಪಟ್ಟಿ ಆಶಾ ಕಾರ್ಯಕರ್ತೆಯರ ಬಳಿ ಈಗಲೇ ಇರಬೇಕು, ವರ್ಷಕ್ಕೊಮ್ಮೆ ತಿದ್ದಿರಬೇಕು. ಅಲೆ ಬಂದ ಮೇಲೆ ಆ ಪಟ್ಟಿ ಮಾಡಲು ಯಾರಿಗೂ ಪುರುಸೊತ್ತಿರುವುದಿಲ್ಲ.